ಬೆಲ್ಲ ತಿಂದರೆ ದೂಳು ಇಳಿಯುತ್ತದೆಯೇ? ಎದೆ ಮೇಲೆ ‘ನರ’ ಉಬ್ಬಿದರೆ ಅಪಾಯವೇ? ಎದೆಯೊಳಗಿನ ಗಾಳಿಕೊಳವೆ, ಸಿರೆಗಳ ಪೂರ್ತಿ ಮಾಹಿತಿ

‘ಕಾರ್ಖಾನೆಯಲ್ಲಿ ಕೆಲಸ ಮಾಡುವವರು ದಿನಾ ಒಂದು ಚೂರು ಬೆಲ್ಲ ತಿನ್ನಿ, ಶ್ವಾಸಕೋಶದ ದೂಳೆಲ್ಲ ಹೊರಗೆ ಬರುತ್ತದೆ.’ ‘ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿರಿ, ಜೀವ ಉಳಿಯುತ್ತದೆ.’ ‘ಸಲೈನ್ ಪೈಪಿನಲ್ಲಿ ಒಂದು ಗುಳ್ಳೆ ಹೋದರೂ ಸಾವು ಖಚಿತ.’ ‘10 ಸೆಕೆಂಡ್ ಉಸಿರು ಹಿಡಿದರೆ ನಿಮ್ಮ ಶ್ವಾಸಕೋಶಕ್ಕೆ ಏನೂ ಆಗಿಲ್ಲ.’ ಇಂಥ ಮೆಸೇಜ್‌ಗಳಲ್ಲಿ ಒಂದಾದರೂ ನಿಮ್ಮ ಫೋನಿಗೆ ಬಂದಿರುತ್ತದೆ. ನೀವೂ ನಾಲ್ಕು ಗ್ರೂಪಿಗೆ ಕಳಿಸಿರಬಹುದು.

ಇವೆಲ್ಲವೂ ಎದೆಗೂಡಿನೊಳಗಿನ ಎರಡು ಕೊಳವೆ ಜಾಲಗಳ ಬಗ್ಗೆಯೇ ಇವೆ. ಒಂದು, ಗಾಳಿ ಓಡಾಡುವ ಕೊಳವೆಗಳು. ಇನ್ನೊಂದು, ರಕ್ತವನ್ನು ಹೃದಯಕ್ಕೆ ವಾಪಸು ತರುವ ಸಿರೆಗಳು. ಇವು ಎಲ್ಲಿವೆ, ಹೇಗೆ ಕವಲೊಡೆಯುತ್ತವೆ ಎಂದು ಒಮ್ಮೆ ಗೊತ್ತಾದರೆ ಯಾವ ಫಾರ್ವರ್ಡ್ ಸುಳ್ಳು ಎಂದು ನೀವೇ ಹೇಳಬಲ್ಲಿರಿ. ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಓಡಬೇಕು ಎಂಬುದೂ ತಿಳಿಯುತ್ತದೆ.

ಮೊದಲು ಒಂದು ಪದದ ಗೊಂದಲ

ನಮ್ಮ ಮಾತಿನಲ್ಲಿ ‘ನರಕ್ಕೆ ಇಂಜೆಕ್ಷನ್ ಕೊಟ್ಟರು’, ‘ಕೈ ನರ ಉಬ್ಬಿದೆ’ ಅನ್ನುತ್ತೇವೆ. ಆದರೆ ನರ ಅಂದರೆ ಮಿದುಳಿನಿಂದ ಸಂದೇಶ ಒಯ್ಯುವ ತಂತಿ. ಅದರಲ್ಲಿ ರಕ್ತ ಹರಿಯುವುದಿಲ್ಲ, ಅದು ಚರ್ಮದಡಿ ನೀಲಿಯಾಗಿ ಕಾಣುವುದೂ ಇಲ್ಲ. ಕೈ ಮೇಲೆ, ಕುತ್ತಿಗೆಯಲ್ಲಿ, ಎದೆ ಮೇಲೆ ನೀಲಿ ಗೆರೆಯಾಗಿ ಕಾಣುವುದು ಸಿರೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಅಭಿಧಮನಿ ಅಂತಾರೆ. ಹೃದಯದಿಂದ ರಕ್ತ ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ಮರಳಿ ತರುವುದು ಅಭಿಧಮನಿ.

ಇದು ಬರೀ ಪದದ ಜಗಳ ಅಲ್ಲ. ‘ಎದೆ ನರ ಉಬ್ಬಿದೆ’ ಎಂದು ಯಾರಾದರೂ ಹೇಳಿದಾಗ ಮನೆಯವರು ‘ನರದ ದೌರ್ಬಲ್ಯ’ ಅಂದುಕೊಂಡು ಮಾಲೀಷು ಮಾಡಿಸುವುದು, ಶಕ್ತಿ ಟಾನಿಕ್ ಕುಡಿಸುವುದು ಉಂಟು. ಉಬ್ಬಿದ್ದು ಸಿರೆ ಎಂದು ಗೊತ್ತಾದರೆ ‘ರಕ್ತ ಎಲ್ಲಿ ತಡೆದು ನಿಂತಿದೆ?’ ಎಂಬ ಸರಿಯಾದ ಪ್ರಶ್ನೆ ಹುಟ್ಟುತ್ತದೆ.

‘ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ’ ಎಂದು ಕಲಿತವರಿಗೆ ಇನ್ನೊಂದು ಮಾತು. ಶ್ವಾಸಕೋಶದಲ್ಲಿ ಇದು ತಿರುವುಮುರುವು. ಶ್ವಾಸಕೋಶದಿಂದ ಹೃದಯಕ್ಕೆ ಬರುವ ನಾಲ್ಕು ಅಭಿಧಮನಿಗಳಲ್ಲಿ ಇರುವುದು ಆಮ್ಲಜನಕ ತುಂಬಿದ ಕೆಂಪು ರಕ್ತ. ಹಾಗಾಗಿ ರಕ್ತದ ಬಣ್ಣ ನೋಡಿ ಅಲ್ಲ, ದಿಕ್ಕು ನೋಡಿ ಹೆಸರಿಡುತ್ತಾರೆ.

ಗಾಳಿಯ ದಾರಿ: ಮುಖ್ಯ ಕಾಲುವೆಯಿಂದ ಹೊಲಗಾಲುವೆವರೆಗೆ

ಮುನಿರಾಬಾದಿನ ಅಣೆಕಟ್ಟೆಯಿಂದ ಹೊರಟ ಎಡದಂಡೆ ಮುಖ್ಯ ಕಾಲುವೆ ಗಂಗಾವತಿ ಕಡೆ ಹೋಗುತ್ತಾ ಉಪಕಾಲುವೆಗಳಾಗಿ, ಕೊನೆಗೆ ಹೊಲಗಾಲುವೆಗಳಾಗಿ ಗದ್ದೆ ಸೇರುವುದನ್ನು ನೋಡಿದ್ದೀರಿ. ಗಾಳಿಯ ದಾರಿಯೂ ಹೀಗೆಯೇ ಇದೆ. ಗಂಟಲಿನಿಂದ ಇಳಿಯುವ ಶ್ವಾಸನಾಳ ದೊಡ್ಡವರಲ್ಲಿ 10ರಿಂದ 12 ಸೆಂಟಿಮೀಟರ್ ಉದ್ದ, ಸುಮಾರು 2 ಸೆಂಟಿಮೀಟರ್ ಅಗಲ. ಅದು ಕುಸಿಯದಂತೆ 16ರಿಂದ 20 ಮೆಲುಬಿನ ಬಳೆಗಳು ಹಿಡಿದಿರುತ್ತವೆ. ಬಳೆ ಪೂರ್ತಿ ದುಂಡಗಿಲ್ಲ, ಹಿಂಬದಿ ತೆರೆದಿದೆ. ಅಲ್ಲಿಗೆ ಅಂಟಿಕೊಂಡೇ ಅನ್ನನಾಳ ಇಳಿಯುತ್ತದೆ. ಅನ್ನದ ದಾರಿ ಮತ್ತು ಗಾಳಿಯ ದಾರಿ ಇಷ್ಟು ಹತ್ತಿರ ಇದ್ದರೂ ಬೇರೆ ಬೇರೆ ಎಂಬುದನ್ನು ನೆನಪಿಡಿ. ಬೆಲ್ಲದ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಈಗ ಫೋನ್ ಹಿಡಿಯದ ಕೈಯ ಬೆರಳನ್ನು ಗಂಟಲ ಕೆಳಗಿನ ಗುಳಿಯ ಮೇಲಿಡಿ. ಅಲ್ಲಿಂದ ಎದೆಮೂಳೆಯ ಮೇಲೆ ಸುಮಾರು 5 ಸೆಂಟಿಮೀಟರ್ ಕೆಳಗೆ ಜಾರಿಸಿದರೆ ಅಡ್ಡ ಏಣು ಒಂದು ಸಿಗುತ್ತದೆ. ವೈದ್ಯರು ಪಕ್ಕೆಲುಬು ಎಣಿಸುವುದು ಇಲ್ಲಿಂದಲೇ. ಎರಡನೆಯ ಪಕ್ಕೆಲುಬು ಸೇರುವ ಜಾಗ ಇದು. ಹೆಚ್ಚು ಕಡಿಮೆ ಇದೇ ಮಟ್ಟದಲ್ಲಿ, ಒಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುತ್ತದೆ. ಮುಂದೆ ಹೇಳಲಿರುವ ಒಂದು ವಿಚಿತ್ರ ಸಿರೆಯೂ ಇದೇ ಮಟ್ಟದಲ್ಲಿ ಬಾಗಿ ದೊಡ್ಡ ಸಿರೆಯನ್ನು ಸೇರುತ್ತದೆ.

ಎರಡಾದ ಕವಲು ಮತ್ತೆ ಮತ್ತೆ ಕವಲೊಡೆದು, ಸುಮಾರು 23 ಸಲ ಸೀಳಿ, ಕೊನೆಗೆ ಗಾಳಿಚೀಲಗಳಿಗೆ ಮುಟ್ಟುತ್ತದೆ. ಇವು 30 ಕೋಟಿಗೂ ಹೆಚ್ಚು. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಜಾಗ ಬೇಕು. ಬಲ ಶ್ವಾಸಕೋಶದಲ್ಲಿ ಮೂರು ಹಾಲೆ, ಎಡದಲ್ಲಿ ಎರಡು. ಹೃದಯ ಎಡಕ್ಕೆ ವಾಲಿರುವುದರಿಂದ ಅಲ್ಲಿ ಜಾಗ ಕಡಿಮೆ.

ಶೇಂಗಾ ಕಾಳು ಬಲಕ್ಕೇ ಯಾಕೆ ಇಳಿಯುತ್ತದೆ?

ಶ್ವಾಸನಾಳದ ಎರಡು ಕವಲು ಸಮ ಅಲ್ಲ. ಬಲ ಕವಲು ಅಗಲ, ಗಿಡ್ಡ (ಸುಮಾರು 2.5 ಸೆಂಟಿಮೀಟರ್) ಮತ್ತು ನೆಟ್ಟಗೆ ಕೆಳಗಿಳಿಯುತ್ತದೆ. ಎಡ ಕವಲು ಸಣ್ಣದು, ಉದ್ದ (ಸುಮಾರು 5 ಸೆಂಟಿಮೀಟರ್), ಹೃದಯವನ್ನು ಬಳಸಿಕೊಂಡು ಓರೆಯಾಗಿ ಹೋಗುತ್ತದೆ. ಹಾಗಾಗಿ ಗಂಟಲಿನಿಂದ ತಪ್ಪಿ ಇಳಿದ ವಸ್ತು ಹೆಚ್ಚಿನ ಸಲ ಬಲಕ್ಕೆ ಹೋಗುತ್ತದೆ. ತೀರಾ ಚಿಕ್ಕ ಮಕ್ಕಳಲ್ಲಿ ಎರಡೂ ಕವಲುಗಳ ಓರೆ ಹೆಚ್ಚು ಕಡಿಮೆ ಒಂದೇ ಇರುವುದರಿಂದ ಎಡಕ್ಕೂ ಹೋಗಬಹುದು.

1897ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಗುಸ್ತಾವ್ ಕಿಲಿಯನ್ ಎಂಬ ವೈದ್ಯ ಒಬ್ಬ ರೈತನ ಶ್ವಾಸನಾಳಕ್ಕೆ ನೇರ ಕೊಳವೆ ಇಳಿಸಿ ಹಂದಿಮೂಳೆಯ ಚೂರು ಹೊರತೆಗೆದ. ಅದು ಸಿಕ್ಕಿಕೊಂಡಿದ್ದೂ ಬಲ ಕವಲಿನಲ್ಲೇ. ಇಂದಿನ ಬ್ರಾಂಕೋಸ್ಕೋಪಿ ಶುರುವಾಗಿದ್ದು ಅಲ್ಲಿಂದ.

ಮೂಳೆ ಹಾಗಿರಲಿ, ನಮ್ಮ ಭಾಗದಲ್ಲಿ ಶೇಂಗಾ ಇಲ್ಲದ ಮನೆ ಇಲ್ಲ. ಮೂರು-ನಾಲ್ಕು ವರ್ಷದೊಳಗಿನ ಮಗುವಿಗೆ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ. ಕಾಳನ್ನು ಅರೆಯಲು ಆಗುವುದಿಲ್ಲ. ನಗುವಾಗ, ಅಳುವಾಗ, ಓಡುವಾಗ ಬಾಯಲ್ಲಿದ್ದ ಕಾಳು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಪುಠಾಣಿ, ಕಡಲೆ, ಹುಣಸೆ ಬೀಜ, ಸೀತಾಫಲದ ಬೀಜ, ಅಡಿಕೆ ಚೂರು, ಪೆನ್ನಿನ ಕ್ಯಾಪ್ ಇವೂ ಹಾಗೆಯೇ.

ಇಲ್ಲಿ ನಮ್ಮ ಭಾಷೆಯೇ ಸ್ವಲ್ಪ ದಾರಿ ತಪ್ಪಿಸುತ್ತದೆ. ‘ನೆತ್ತಿಗೆ ಹತ್ತಿತು’ ಅನ್ನುತ್ತೇವೆ, ‘ಯಾರೋ ನೆನೆಸಿಕೊಂಡರು’ ಎಂದು ನೆತ್ತಿ ತಟ್ಟುತ್ತೇವೆ, ನೆತ್ತಿ ಮೇಲೆ ಊದುತ್ತೇವೆ. ಅನ್ನ ನೆತ್ತಿಗೆ ಹತ್ತುವುದಿಲ್ಲ. ಅನ್ನನಾಳಕ್ಕೆ ಹೋಗಬೇಕಾದ್ದು ಗಾಳಿಯ ದಾರಿಗೆ ಇಣುಕಿರುತ್ತದೆ, ಕೆಮ್ಮು ಅದನ್ನು ಹೊರಗೆ ದಬ್ಬುತ್ತದೆ. ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಕೆಮ್ಮಲು ಬಿಡಿ. ಆಗ ನೀರು ಕುಡಿಸುವುದು, ಬಾಯಿಗೆ ಬೆರಳು ಹಾಕಿ ಕೆದಕುವುದು ಬೇಡ. ಕಾಣದ ವಸ್ತುವನ್ನು ಬೆರಳು ಇನ್ನೂ ಒಳಕ್ಕೆ ತಳ್ಳುತ್ತದೆ.

ಕೆಮ್ಮಲು, ಅಳಲು, ಮಾತಾಡಲು ಆಗದೆ ತುಟಿ ನೀಲಿಗಟ್ಟುತ್ತಿದ್ದರೆ ಮಾತ್ರ ಕೂಡಲೇ ಕೈ ಹಾಕಬೇಕು. ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಾಗಿಸಿ, ಎರಡು ಹೆಗಲಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಗಟ್ಟಿಯಾಗಿ ಹೊಡೆಯಿರಿ. ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕಳ ಸ್ವಲ್ಪ ಮೇಲೆ ಮುಷ್ಟಿ ಇಟ್ಟು 5 ಸಲ ಒಳಕ್ಕೂ ಮೇಲಕ್ಕೂ ಒತ್ತಿ. ಹೊರಬರುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ದೊಡ್ಡವರಿಗೂ ಇದೇ ಕ್ರಮ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು ಬೆನ್ನಿಗೆ 5 ಏಟು, ಆಮೇಲೆ ಅಂಗಾತ ತಿರುಗಿಸಿ ಎದೆಮೂಳೆಯ ಮೇಲೆ 5 ಒತ್ತು. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಕರೆ ಮಾಡಲಿ. ಪ್ರಜ್ಞೆ ತಪ್ಪಿದರೆ ಸಿಪಿಆರ್ ಶುರು ಮಾಡಬೇಕು.

ಇದಕ್ಕಿಂತ ಮೋಸದ ಪರಿಸ್ಥಿತಿ ಇನ್ನೊಂದಿದೆ. ಕಾಳು ಶ್ವಾಸನಾಳ ದಾಟಿ ಬಲ ಕವಲಿಗೆ ಇಳಿದುಬಿಟ್ಟರೆ ಕೆಮ್ಮು ತಾನಾಗಿ ನಿಲ್ಲುತ್ತದೆ. ‘ನುಂಗಿರಬೇಕು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಶೇಂಗಾದ ಎಣ್ಣೆ ಒಳಗೋಡೆಯನ್ನು ಕೆರಳಿಸುತ್ತದೆ, ಕಾಳು ತೇವ ಹೀರಿ ಉಬ್ಬುತ್ತದೆ. ಕೆಲವು ದಿನಗಳ ನಂತರ ಜ್ವರ, ಗೊರಗೊರ ಸದ್ದು. ಔಷಧ ಕೊಟ್ಟರೆ ಕಡಿಮೆಯಾಗಿ, ಮತ್ತೆ ಅದೇ ಬದಿಗೆ ನ್ಯುಮೋನಿಯಾ. ಶೇಂಗಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎಕ್ಸ್‌ರೇ ಸರಿ ಇದೆ ಅಂದ ಮಾತ್ರಕ್ಕೆ ಕಾಳು ಇಲ್ಲ ಎಂದಲ್ಲ. ‘ಆವತ್ತು ಶೇಂಗಾ ತಿನ್ನುವಾಗ ಕೆಮ್ಮಿದ್ದ’ ಎಂದು ನೀವು ಹೇಳುವ ಒಂದು ವಾಕ್ಯವೇ ವೈದ್ಯರಿಗೆ ದೊಡ್ಡ ಸುಳಿವು. ತಾವಾಗಿ ಕೇಳದಿದ್ದರೂ ಹೇಳಿ.

ಹಾಸಿಗೆ ಹಿಡಿದ ಹಿರಿಯರಿಗೂ ಈ ಅಂಗರಚನೆ ಅನ್ವಯಿಸುತ್ತದೆ. ಅಂಗಾತ ಮಲಗಿಸಿ ಗಂಜಿ ಕುಡಿಸಿದರೆ ಅದು ಜಾರಿ ಇಳಿಯುವುದು ಬಲ ಶ್ವಾಸಕೋಶದ ಹಿಂಬದಿಗೇ. ಎಬ್ಬಿಸಿ, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ ಉಣ್ಣಿಸಿ. ಉಂಡ ಮೇಲೆ ಅರ್ಧ ತಾಸು ಹಾಗೆಯೇ ಕೂರಿಸಿ.

ದೂಳು ಎಲ್ಲಿಯವರೆಗೆ ಹೋಗುತ್ತದೆ, ಬೆಲ್ಲ ಎಲ್ಲಿಗೆ ಹೋಗುತ್ತದೆ?

ಕೊಪ್ಪಳ ತಾಲೂಕಿನ ಗಿಣಿಗೇರಿ ಸುತ್ತಲಿನ ಸ್ಪಾಂಜ್ ಐರನ್ ಮತ್ತು ಉಕ್ಕಿನ ಕಾರ್ಖಾನೆಗಳ ಕರಿದೂಳು, ಗಂಗಾವತಿಯ ರೈಸ್ ಮಿಲ್‌ಗಳ ಹೊಟ್ಟು ಮತ್ತು ಬೂದಿ, ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಗಳ ಕಲ್ಲುಪುಡಿ, ಹಳ್ಳಿ ಅಡುಗೆಮನೆಯಲ್ಲಿ ಹತ್ತಿಕಟ್ಟಿಗೆಯ ಹೊಗೆ. ಇವು ಒಂದೇ ಜಿಲ್ಲೆಯ ನಾಲ್ಕು ಬಗೆಯ ದೂಳು. 2025ರ ಫೆಬ್ರುವರಿಯಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಣೆ ವಿರೋಧಿಸಿ ಕೊಪ್ಪಳ ಬಂದ್ ಆದಾಗ ಜನರ ಬಾಯಲ್ಲಿ ಹೆಚ್ಚು ಕೇಳಿದ್ದು ಇದೇ ದೂಳಿನ ಮಾತು.

ಮಾಳಿಗೆ ಮೇಲೆ, ಬೆಳೆಯ ಎಲೆ ಮೇಲೆ ಕಣ್ಣಿಗೆ ಕಾಣುವ ದೂಳು ನೋಡಿ ನಾವು ಹೆದರುತ್ತೇವೆ. ಶ್ವಾಸಕೋಶದ ಮಟ್ಟಿಗೆ ಹೆಚ್ಚು ಅಪಾಯ ಇರುವುದು ಕಾಣದ ದೂಳಿನಲ್ಲಿ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿಗಿಂತ ದೊಡ್ಡ ಕಣಗಳು ಬಹುಪಾಲು ಮೂಗು-ಗಂಟಲಿನಲ್ಲೇ ಸಿಕ್ಕಿಬೀಳುತ್ತವೆ. ಮೂಗು ಸೀನಿದಾಗ ಕರ‍್ರಗೆ ಬರುವುದು ಇದೇ. ಅದಕ್ಕಿಂತ ಸಣ್ಣವು ಕವಲುಗಳಲ್ಲಿ ಕೂರುತ್ತವೆ. 5 ಮೈಕ್ರಾನಿಗಿಂತ ಸಣ್ಣವು, ಅದರಲ್ಲೂ 2.5ಕ್ಕಿಂತ ಸಣ್ಣವು, ಹೊಲಗಾಲುವೆ ದಾಟಿ ಗದ್ದೆಗೇ ಇಳಿಯುತ್ತವೆ.

ಕವಲುಗಳಲ್ಲಿ ಕೂತ ದೂಳನ್ನು ತೆಗೆಯಲು ದೇಹದಲ್ಲೇ ವ್ಯವಸ್ಥೆ ಇದೆ. ಒಳಗೋಡೆಯ ತುಂಬ ಸೂಕ್ಷ್ಮ ರೋಮಗಳಿವೆ, ಅವುಗಳ ಮೇಲೆ ತೆಳು ಲೋಳೆಯ ಹಾಸಿದೆ. ರೋಮಗಳು ಒಂದೇ ಸಮನೆ ಬೀಸುತ್ತಾ ದೂಳು ಅಂಟಿದ ಲೋಳೆಯನ್ನು ನಿಮಿಷಕ್ಕೆ ಕೆಲವು ಮಿಲಿಮೀಟರಿನಂತೆ ಮೇಲಕ್ಕೆ ತಳ್ಳುತ್ತವೆ. ಗಂಟಲಿಗೆ ಬಂದದ್ದನ್ನು ನಾವು ಗೊತ್ತಾಗದಂತೆ ನುಂಗುತ್ತೇವೆ, ಇಲ್ಲವೇ ಕಫವಾಗಿ ಉಗುಳುತ್ತೇವೆ. ಬೀಡಿ, ಸಿಗರೇಟು ಈ ರೋಮಗಳನ್ನೇ ಜಡ ಮಾಡುತ್ತವೆ. ದೂಳಿನ ಕೆಲಸ ಮಾಡುತ್ತಾ ಬೀಡಿ ಸೇದುವುದೆಂದರೆ ಕಸ ಹೆಚ್ಚು ಹಾಕಿಕೊಂಡು ಕಸಬರಿಗೆಯನ್ನೂ ಮುರಿದಂತೆ.

ಗಾಳಿಚೀಲದಲ್ಲಿ ರೋಮಗಳಿಲ್ಲ. ಅಲ್ಲಿಗೆ ಮುಟ್ಟಿದ ಕಣವನ್ನು ಕಾವಲು ಜೀವಕೋಶಗಳು ನುಂಗುತ್ತವೆ. ಮಸಿಯಂಥ ಕಣವಾದರೆ ನುಂಗಿ ಇಟ್ಟುಕೊಳ್ಳುತ್ತವೆ. ಕಲ್ಲಿನ ಸಿಲಿಕಾ ಆದರೆ ನುಂಗಿದ ಜೀವಕೋಶವೇ ಸಾಯುತ್ತದೆ, ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಜೀವಕೋಶ ನುಂಗುತ್ತದೆ. ಹೀಗೆ ಸುತ್ತು ನಡೆದು ಅಲ್ಲಿ ಗಾಯದ ಕಲೆಯಂಥ ಗಂಟು ಕಟ್ಟುತ್ತದೆ. ಇದು ಸಿಲಿಕೋಸಿಸ್. ಗ್ರಾನೈಟಿನಲ್ಲಿ ಸಿಲಿಕಾದ ಹರಳು ಕಾಲು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಇರುತ್ತದೆ. ಕಲ್ಲು ಕೊರೆಯುವವರಿಗೆ, ಕತ್ತರಿಸುವವರಿಗೆ, ಪಾಲಿಶ್ ಮಾಡುವವರಿಗೆ ಈ ರೋಗ ಬರುತ್ತದೆ. ಒಮ್ಮೆ ಕಟ್ಟಿದ ಕಲೆಯನ್ನು ಅಳಿಸುವ ಔಷಧ ಇನ್ನೂ ಇಲ್ಲ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಅಂಟುವ ಸಾಧ್ಯತೆಯೂ ಹಲವು ಪಟ್ಟು ಹೆಚ್ಚು.

ಈಗ ಬೆಲ್ಲ. ಈ ಫಾರ್ವರ್ಡ್ ಪೂರ್ತಿ ಗಾಳಿಸುದ್ದಿ ಅಲ್ಲ, ಅದಕ್ಕೊಂದು ಮೂಲ ಇದೆ. ಲಖನೌದ ಔದ್ಯಮಿಕ ವಿಷವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಲ್ಲಿದ್ದಲು, ಸಿಲಿಕಾ ದೂಳು ಹಾಕಿದ ಇಲಿಗಳಿಗೆ ಬೆಲ್ಲ ತಿನ್ನಿಸಿದಾಗ ದೂಳಿನ ಕಣಗಳು ಶ್ವಾಸಕೋಶದಿಂದ ದುಗ್ಧಗ್ರಂಥಿಗಳ ಕಡೆ ಸರಿಯುವುದು ಹೆಚ್ಚಾಯಿತು ಎಂದು ಅದರಲ್ಲಿದೆ. ಅದು ಇಲಿಗಳ ಮೇಲಿನ ಪ್ರಯೋಗ. ದೂಳಿನಲ್ಲಿ ವರ್ಷಗಟ್ಟಲೆ ದುಡಿದ ಮನುಷ್ಯರಿಗೆ ಬೆಲ್ಲ ತಿಂದು ಸಿಲಿಕೋಸಿಸ್ ತಪ್ಪಿತು ಎಂದು ಅದು ತೋರಿಸಿಲ್ಲ. ಕಣ ‘ಹೊರಗೆ ಬಂತು’ ಎಂದೂ ಅದು ಹೇಳುವುದಿಲ್ಲ.

ಬೆಲ್ಲ ಇಳಿಯುವುದು ಅನ್ನನಾಳದಲ್ಲಿ, ದೂಳು ಕೂತಿರುವುದು ಗಾಳಿಚೀಲದಲ್ಲಿ. ತಿಂದ ಬೆಲ್ಲ ಗಂಟಲನ್ನು ತೇವ ಮಾಡುತ್ತದೆ, ಲಾಲಾರಸ ಬರಿಸುತ್ತದೆ, ಹಾಯೆನಿಸುತ್ತದೆ. ತಿನ್ನಲು ಅಡ್ಡಿ ಇಲ್ಲ (ಸಕ್ಕರೆ ಕಾಯಿಲೆ ಇದ್ದವರಿಗೆ ಅಡ್ಡಿ ಇದೆ). ಆದರೆ ‘ಬೆಲ್ಲ ಕೊಟ್ಟಿದ್ದೇವಲ್ಲ’ ಎಂದು ಮಾಲೀಕರು ಮಾಸ್ಕ್ ಕೊಡದಿರುವುದು, ಕಾರ್ಮಿಕರೂ ಹಾಕಿಕೊಳ್ಳದಿರುವುದು ಜೀವಕ್ಕೆ ಎರವಾಗುತ್ತದೆ. ಮುಖಕ್ಕೆ ಸುತ್ತುವ ಟವೆಲ್ಲಿನ ನೇಯ್ಗೆಯ ಸಂದುಗಳಲ್ಲಿ 2.5 ಮೈಕ್ರಾನಿನ ಕಣ ಸಲೀಸಾಗಿ ನುಸುಳುತ್ತದೆ. ಎನ್95 ಮಾಸ್ಕ್ ಮುಖಕ್ಕೆ ಒತ್ತಿ ಕೂತರೆ ತಡೆಯುತ್ತದೆ. ಎಲ್ಲಕ್ಕಿಂತ ಒಳ್ಳೆಯದು ನೀರು ಹಾಯಿಸುತ್ತಾ ಕಲ್ಲು ಕೊರೆಯುವುದು, ದೂಳು ಹೀರುವ ಯಂತ್ರ ಚಾಲೂ ಇಡುವುದು. ದೂಳು ಏಳದಿದ್ದರೆ ತೆಗೆಯುವ ಪ್ರಶ್ನೆಯೇ ಇಲ್ಲ. ಸಿಲಿಕೋಸಿಸ್ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ಔದ್ಯೋಗಿಕ ರೋಗ. ವೈದ್ಯರ ಬಳಿ ಹೋದಾಗ ‘ಏನು ಕೆಲಸ ಮಾಡುತ್ತೀರಿ, ಎಷ್ಟು ವರ್ಷದಿಂದ’ ಎಂಬುದನ್ನು ತಪ್ಪದೆ ಹೇಳಿ, ಚೀಟಿಯಲ್ಲಿ ಬರೆಸಿ.

ಸಿರೆಗಳ ದಾರಿ: ಹಳ್ಳಗಳು ಹೊಳೆ ಸೇರಿದಂತೆ

ಗಾಳಿಕೊಳವೆ ಕಾಲುವೆಯಾದರೆ ಸಿರೆ ಅದರ ತಿರುಗಾಮುರುಗಾ. ಸಣ್ಣ ಹಳ್ಳಗಳು ಕೂಡಿ ದೊಡ್ಡದಾಗಿ ಕೊನೆಗೆ ಹೊಳೆ ಸೇರಿದ ಹಾಗೆ. ತಲೆ, ಕುತ್ತಿಗೆ, ಎರಡೂ ತೋಳುಗಳ ರಕ್ತ ಬಲಗಡೆ ಮೊದಲ ಪಕ್ಕೆಲುಬಿನ ಹಿಂದೆ ಒಂದಾಗಿ ‘ಮೇಲಿನ ಮಹಾಸಿರೆ’ಯಾಗುತ್ತದೆ. ವೈದ್ಯರ ಚೀಟಿಯಲ್ಲಿ ಇದು ಎಸ್‌ವಿಸಿ. ಸುಮಾರು 7 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲ. ಗೋಡೆ ತೆಳು, ಒತ್ತಡ ಕಡಿಮೆ, ಸುತ್ತ ಶ್ವಾಸನಾಳ, ಬಲ ಕವಲು, ದುಗ್ಧಗ್ರಂಥಿಗಳ ಇಕ್ಕಟ್ಟು. ಪಕ್ಕದಲ್ಲಿ ಗಡ್ಡೆ ಬೆಳೆದರೆ ಮೊದಲು ಅಮುಕಿಹೋಗುವುದು ಇದೇ.

ಎದೆಗೋಡೆಯ ರಕ್ತ ತರುವುದು ಇನ್ನೊಂದು ಸಿರೆ. ಹೆಸರು ಅಜೈಗಸ್. ಗ್ರೀಕ್ ಭಾಷೆಯಲ್ಲಿ ‘ಜೋಡಿಯಿಲ್ಲದ್ದು’ ಎಂದು ಅರ್ಥ. ಎಡಗಡೆ ಇದಕ್ಕೆ ಸರಿಸಮನಾದ ಜೊತೆಗಾರ ಇಲ್ಲ. ಬೆನ್ನುಮೂಳೆಯ ಬಲಕ್ಕೆ ಮೇಲೇರಿ, ಶ್ವಾಸನಾಳದ ಬಲ ಕವಲಿನ ಮೇಲಿಂದ ಕಮಾನಿನಂತೆ ಮುಂದಕ್ಕೆ ಬಾಗಿ ಮಹಾಸಿರೆಯೊಳಗೆ ಬೀಳುತ್ತದೆ. ಎದೆಮೂಳೆಯ ಏಣಿನ ಮಟ್ಟದಲ್ಲಿ ಎಂದು ಹೇಳಿದ ವಿಚಿತ್ರ ಸಿರೆ ಇದೇ. ಶ್ವಾಸನಾಳದ ಕವಲುಗಳ ರಕ್ತದ ಒಂದು ಪಾಲೂ ಇದಕ್ಕೇ ಬಂದು ಸೇರುತ್ತದೆ.

ಮಹಾಸಿರೆ ಕಟ್ಟಿಕೊಂಡಾಗ ಅಜೈಗಸ್ ಬೈಪಾಸ್ ರಸ್ತೆಯಾಗುತ್ತದೆ. ಅಡ್ಡಿ ಅಜೈಗಸ್ ಸೇರುವ ಜಾಗಕ್ಕಿಂತ ಮೇಲಿದ್ದರೆ ರಕ್ತ ಸುತ್ತು ಹಾಕಿ ಅಜೈಗಸ್ ಮೂಲಕ ಹೃದಯ ಮುಟ್ಟುತ್ತದೆ. ಕೆಳಗಿದ್ದರೆ ಈ ಬೈಪಾಸೂ ಬಂದ್. ಆಗ ರಕ್ತ ಎದೆ-ಹೊಟ್ಟೆಯ ಚರ್ಮದಡಿಯ ಸಣ್ಣ ಸಿರೆಗಳಲ್ಲಿ ಕೆಳಕ್ಕೆ ಹರಿದು, ಹೊಟ್ಟೆಯ ಮಹಾಸಿರೆಯನ್ನು ಹಿಡಿದು ಹೃದಯಕ್ಕೆ ಹೋಗಬೇಕು. ಹೀಗೆ ಭಾರ ಬಿದ್ದು ಉಬ್ಬಿದ ಸಿರೆಗಳೇ ಎದೆ ಮೇಲೆ ಹಾವಿನಂತೆ ಕಾಣುವುದು.

ಹಾಗಾದರೆ ಎದೆ ಮೇಲೆ ನೀಲಿ ಗೆರೆ ಕಂಡವರೆಲ್ಲ ಹೆದರಬೇಕೇ? ಇಲ್ಲ. ಬಸುರಿ, ಬಾಣಂತಿಯರಲ್ಲಿ ಎದೆಯ ಸಿರೆಗಳು ಎದ್ದು ಕಾಣುವುದು ಸಹಜ. ತೆಳ್ಳಗಿರುವವರಲ್ಲಿ, ಬೆಳ್ಳಗಿರುವವರಲ್ಲಿ, ವ್ಯಾಯಾಮ ಮಾಡುವವರಲ್ಲೂ ಹಾಗೆಯೇ. ಮೊದಲಿನಿಂದ ಇದ್ದು, ಬೇರೆ ತೊಂದರೆ ಇಲ್ಲದಿದ್ದರೆ ಬಿಟ್ಟುಬಿಡಿ.

ಹೆದರಬೇಕಾದ್ದು ಬೇರೆ ಚಿತ್ರಕ್ಕೆ. ಕೆಲವು ವಾರಗಳಲ್ಲಿ ಹೊಸದಾಗಿ ಎದೆ, ಕುತ್ತಿಗೆಯ ಸಿರೆಗಳು ಉಬ್ಬಿವೆ. ಬೆಳಿಗ್ಗೆ ಎದ್ದಾಗ ಮುಖ, ಕಣ್ಣಿನ ಸುತ್ತ ಬಾವು. ಅಂಗಿಯ ಕಾಲರ್ ಬಿಗಿಯಾಗುತ್ತಿದೆ. ಬಾಗಿದರೆ, ಮಲಗಿದರೆ ಮುಖಕ್ಕೆ ರಕ್ತ ನುಗ್ಗಿದಂತೆ, ತಲೆ ಭಾರ, ಉಸಿರು ಕಟ್ಟಿದಂತೆ. ಇಷ್ಟರಲ್ಲಿ ಎರಡು-ಮೂರು ಕೂಡಿ ಬಂದರೆ ಮಹಾಸಿರೆಗೆ ಅಡ್ಡಿ ಬಂದಿರುವ ಸಾಧ್ಯತೆ ಇದೆ. ವಿಲಿಯಂ ಹಂಟರ್ ಎಂಬ ವೈದ್ಯ 1757ರಲ್ಲಿ ಇದನ್ನು ಮೊದಲು ವಿವರಿಸಿದಾಗ ಕಾರಣ ಮಹಾಅಪಧಮನಿಯ ಊತವಾಗಿತ್ತು. ಇಂದು ಹೆಚ್ಚಿನವರಲ್ಲಿ ಕಾರಣ ಶ್ವಾಸಕೋಶದ ಕ್ಯಾನ್ಸರ್ ಅಥವಾ ಲಿಂಫೋಮಾ. ಡಯಾಲಿಸಿಸ್ ನಳಿಕೆ, ಪೇಸ್‌ಮೇಕರ್ ತಂತಿಯ ಸುತ್ತ ರಕ್ತ ಹೆಪ್ಪುಗಟ್ಟಿಯೂ ಆಗುತ್ತದೆ. ಇಂಥವರು ‘ಮುಖ ಬಾತಿದೆ, ಕಿಡ್ನಿ ಇರಬೇಕು’ ಎಂದು ತಿಂಗಳುಗಟ್ಟಲೆ ಕಾಯಬಾರದು. ಸಿಟಿ ಸ್ಕ್ಯಾನ್ ಮಾಡಿದರೆ ಅಡ್ಡಿ ಎಲ್ಲಿದೆ ಎಂದು ಕಾಣುತ್ತದೆ. ಕಾರಣಕ್ಕೆ ತಕ್ಕ ಚಿಕಿತ್ಸೆಯೂ ಇದೆ.

ಕುತ್ತಿಗೆಯ ಹಿನ್ನೀರು

ಅಣೆಕಟ್ಟೆಯ 33 ಗೇಟುಗಳಿಂದ ನೀರು ಬಿಡದಿದ್ದರೆ ಹಿನ್ನೀರು ಮೇಲೇರುತ್ತದೆ. ಹೃದಯದ ಬಲಭಾಗ ಸೋತಾಗ ಇದೇ ಆಗುತ್ತದೆ. ಬಲ ಕುತ್ತಿಗೆಯ ಒಳಸಿರೆ ಹೆಚ್ಚು ಕಡಿಮೆ ನೇರವಾಗಿ ಹೃದಯಕ್ಕೆ ಇಳಿಯುತ್ತದೆ, ಆದ್ದರಿಂದ ಅದು ಹೃದಯದ ಒತ್ತಡ ತೋರಿಸುವ ಅಳತೆಗೋಲು. ವೈದ್ಯರು ನಿಮ್ಮನ್ನು ಅರೆ ಒರಗಿಸಿ ಕುತ್ತಿಗೆಯನ್ನೇ ದಿಟ್ಟಿಸಿ ನೋಡುವುದು ಇದಕ್ಕೆ. ಎದೆಮೂಳೆಯ ಆ ಏಣಿನಿಂದ ಸುಮಾರು 3-4 ಸೆಂಟಿಮೀಟರಿಗಿಂತಲೂ ಮೇಲೆ ಸಿರೆಯ ಬಡಿತ ಕಂಡರೆ ಒತ್ತಡ ಹೆಚ್ಚಿದೆ ಎಂದರ್ಥ. ಹತ್ತಾರು ವರ್ಷ ಒಲೆಯ ಹೊಗೆ ಕುಡಿದ ಅಜ್ಜಿಯಂದಿರಲ್ಲಿ, ಬೀಡಿ ಸೇದಿದ ಅಜ್ಜಂದಿರಲ್ಲಿ ದಮ್ಮು ಹೆಚ್ಚಾಗಿ, ಕಾಲು ಬಾತು, ಕುತ್ತಿಗೆಯ ಸಿರೆ ಉಬ್ಬಿದರೆ ಕೆಟ್ಟ ಶ್ವಾಸಕೋಶ ಹೃದಯವನ್ನೂ ದಣಿಸಿದೆ ಎಂದು ತಿಳಿಯಬೇಕು. ‘ವಯಸ್ಸಾಯ್ತು’ ಎಂದು ಬಿಡುವಂಥದ್ದಲ್ಲ.

ಸಲೈನ್ ಪೈಪಿನ ಗುಳ್ಳೆ, ಕಾಲಿನ ಹೆಪ್ಪು

ಕೈಸಿರೆಗೆ ಹೋದ ಯಾವುದೇ ವಸ್ತು ಮಹಾಸಿರೆ, ಹೃದಯದ ಬಲಭಾಗ ದಾಟಿ ಮೊದಲು ಮುಟ್ಟುವುದು ಶ್ವಾಸಕೋಶವನ್ನು. ಅಲ್ಲಿನ ಕೂದಲಿಗಿಂತ ಸಣ್ಣ ರಕ್ತನಾಳಗಳು ಜರಡಿಯಂತೆ ಕೆಲಸ ಮಾಡುತ್ತವೆ. ಸಲೈನ್ ಪೈಪಿನಲ್ಲಿ ಕಾಣುವ ಒಂದೆರಡು ಚಿಕ್ಕ ಗುಳ್ಳೆಗಳು ಆ ಜರಡಿಯಲ್ಲಿ ಸಿಕ್ಕಿ, ಕರಗಿ, ಉಸಿರಿನಲ್ಲಿ ಹೊರಹೋಗುತ್ತವೆ. ಅದರಿಂದ ಯಾರೂ ಸಾಯುವುದಿಲ್ಲ. ಅಪಾಯ ಇರುವುದು ಹೆಚ್ಚು ಗಾಳಿ ಒಮ್ಮೆಲೇ ನುಗ್ಗಿದಾಗ, ಮುಖ್ಯವಾಗಿ ಕುತ್ತಿಗೆಯ ದೊಡ್ಡ ಸಿರೆಗೆ ಹಾಕಿದ ನಳಿಕೆ ಕಳಚಿ ತೆರೆದುಕೊಂಡಾಗ. ಹೃದಯದ ಗೋಡೆಯಲ್ಲಿ ರಂಧ್ರ ಇದ್ದವರಿಗೂ ಎಚ್ಚರ ಬೇಕು, ಏಕೆಂದರೆ ಗುಳ್ಳೆ ಜರಡಿ ತಪ್ಪಿಸಿ ಮಿದುಳಿಗೆ ಹೋಗಬಹುದು. ಹಾಗಾಗಿಯೇ ನರ್ಸ್ ಪೈಪಿನ ಗಾಳಿ ತೆಗೆದು ಹಾಕುತ್ತಾರೆ. ನೀವಾಗಿ ಪೈಪ್ ಬಿಚ್ಚಬೇಡಿ, ಅವರನ್ನು ಕರೆಯಿರಿ.

ಇದೇ ದಾರಿಯಲ್ಲಿ ಬರುವ ನಿಜವಾದ ಅಪಾಯದ ಬಗ್ಗೆ ಫಾರ್ವರ್ಡ್ ಬರುವುದು ಕಡಿಮೆ. ಕಾಲುಮೂಳೆ ಮುರಿದು ಮಲಗಿದವರು, ದೊಡ್ಡ ಆಪರೇಷನ್ ಆದವರು, ಹೆರಿಗೆಯಾಗಿ ವಾರಗಟ್ಟಲೆ ಹಾಸಿಗೆ ಬಿಟ್ಟೇಳದ ಬಾಣಂತಿಯರಲ್ಲಿ ಕಾಲಿನ ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪು ಕಳಚಿ ಮೇಲೇರಿ ಶ್ವಾಸಕೋಶದ ನಾಳವನ್ನು ಮುಚ್ಚುತ್ತದೆ. ಒಂದೇ ಕಾಲು ಬಾತು ನೋಯುತ್ತಿದ್ದು, ದಿಢೀರನೆ ದಮ್ಮು ಹತ್ತಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ ಅದು ತುರ್ತು. ಬಾತ ಕಾಲನ್ನು ತಿಕ್ಕಿ ಮಾಲೀಷು ಮಾಡಬೇಡಿ. ಸಹಜ ಹೆರಿಗೆಯಾದ ಬಾಣಂತಿ ವೈದ್ಯರು ಹೇಳಿದಂತೆ ಬೇಗ ಎದ್ದು ಓಡಾಡುವುದೇ ಒಳ್ಳೆಯದು.

ಕೆಮ್ಮಿ ಹೃದಯಾಘಾತ ನಿಲ್ಲಿಸಬಹುದೇ? ಉಸಿರು ಹಿಡಿದು ಪರೀಕ್ಷೆ?

ಎರಡೂ ಇಲ್ಲ. ಕೆಮ್ಮಿನ ಮೆಸೇಜ್ ವಾಟ್ಸಾಪ್‌ಗಿಂತ ಹಳೆಯದು, 1999ರ ಇಮೇಲ್ ಕಾಲದ್ದು. ಆಸ್ಪತ್ರೆಯಲ್ಲಿ, ಮಾನಿಟರ್ ಮುಂದೆ, ವೈದ್ಯರು ಹೇಳಿದಾಗ ಕೆಲವು ಕ್ಷಣ ಕೆಮ್ಮಿಸುವುದು ಉಂಟು. ಮನೆಯಲ್ಲಿ ಅಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಸಾಮಾನ್ಯ ಜನರಿಗೆ ಶಿಫಾರಸು ಮಾಡುವುದಿಲ್ಲ. ಎದೆನೋವು ಬಂದರೆ ಕೆಮ್ಮುತ್ತಾ ಕೂತು ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ.

10 ಸೆಕೆಂಡ್ ಉಸಿರು ಹಿಡಿಯುವುದು ಕೋವಿಡ್ ಕಾಲದಲ್ಲಿ ಹರಡಿದ್ದು. ಶ್ವಾಸಕೋಶದ ಒಂದು ಹಾಲೆಯಲ್ಲಿ ಗಡ್ಡೆ ಇದ್ದವರೂ, ಕ್ಷಯ ಇದ್ದವರೂ ಅಷ್ಟು ಹೊತ್ತು ಉಸಿರು ಹಿಡಿಯಬಲ್ಲರು. ಆರೋಗ್ಯವಂತರಿಗೂ ಕೆಲವೊಮ್ಮೆ ಆಗದು.

ರಿಪೋರ್ಟಿನಲ್ಲಿ ‘ಅಜೈಗಸ್ ಲೋಬ್’ ಎಂದು ಬರೆದಿದ್ದರೆ

ಕೆಲಸಕ್ಕೆ ಸೇರುವಾಗ ತೆಗೆಸಿದ ಎಕ್ಸ್‌ರೇಯಲ್ಲಿ ಹೀಗೆ ಬಂದು, ಗೂಗಲ್ ಮಾಡಿ, ರಾತ್ರಿ ನಿದ್ದೆಗೆಡುವವರಿದ್ದಾರೆ. ತಾಯಿಯ ಹೊಟ್ಟೆಯಲ್ಲಿರುವಾಗ ಅಜೈಗಸ್ ಸಿರೆ ಬಲ ಶ್ವಾಸಕೋಶದ ತುದಿಯ ಮೇಲಿಂದ ಜಾರಿಕೊಂಡು ತನ್ನ ಜಾಗಕ್ಕೆ ಹೋಗಬೇಕು. ನೂರಕ್ಕೆ ಒಬ್ಬರಿಗೂ ಕಡಿಮೆ ಜನರಲ್ಲಿ ಅದು ಶ್ವಾಸಕೋಶವನ್ನು ಸೀಳಿಕೊಂಡು ಹೋಗುತ್ತದೆ. ಎಕ್ಸ್‌ರೇಯಲ್ಲಿ ಬಲಮೇಲ್ಭಾಗದಲ್ಲಿ ತೆಳು ಬಾಗಿದ ಗೆರೆ, ಅದರ ತುದಿಯಲ್ಲಿ ಹನಿಯಂಥ ಚುಕ್ಕೆ ಕಾಣುತ್ತದೆ. ಅದು ಹುಟ್ಟಿನಿಂದ ಬಂದ ಒಂದು ಬಗೆ, ರೋಗವಲ್ಲ. ಚಿಕಿತ್ಸೆ ಬೇಡ. ಎದೆಯ ಶಸ್ತ್ರಚಿಕಿತ್ಸೆ ಮಾಡುವವರಿಗೆ ಮಾತ್ರ ಮೊದಲೇ ಗೊತ್ತಿದ್ದರೆ ಒಳ್ಳೆಯದು, ಆದ್ದರಿಂದ ಆ ರಿಪೋರ್ಟ್ ಎಸೆಯಬೇಡಿ.

ಎಲ್ಲಿ ತೋರಿಸಬೇಕು?

ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಇಲ್ಲವೇ ತಾಲೂಕು ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ, ಔಷಧ ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಚಿಕಿತ್ಸೆ ಮುಗಿಯುವವರೆಗೆ ನಿಕ್ಷಯ ಪೋಷಣ ಯೋಜನೆಯಲ್ಲಿ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿ ರೋಗಿಯ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮೊದಲು ಅದು 500 ರೂಪಾಯಿ ಇತ್ತು. ಕ್ಷಯದ ಬಗ್ಗೆ ಏನೇ ಕೇಳಬೇಕಿದ್ದರೂ ಉಚಿತ ಸಹಾಯವಾಣಿ 1800-11-6666. ಮುಖ-ಕುತ್ತಿಗೆ ಬಾವು, ಹೊಸದಾಗಿ ಉಬ್ಬಿದ ಎದೆಸಿರೆ, ಮಗುವಿನ ಒಂದೇ ಬದಿಯ ಮರುಕಳಿಸುವ ನ್ಯುಮೋನಿಯಾ ಇದ್ದರೆ ತಾಲೂಕು ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ಅಂದರೆ ಕಿಮ್ಸ್ ಆಸ್ಪತ್ರೆಗೆ ಹೋಗಿ. ಹೋಗುವಾಗ ಹಳೆಯ ಎಕ್ಸ್‌ರೇಗಳನ್ನೂ ಒಯ್ಯಿರಿ. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಿದರೆ ನೆರಳು ಬೆಳೆದಿದೆಯೋ ಅಷ್ಟೇ ಇದೆಯೋ ವೈದ್ಯರಿಗೆ ಅಲ್ಲೇ ತಿಳಿಯುತ್ತದೆ.